ಪೇಟಿ ಒಳಗಿನ ಕಂಪ್ಯೂಟರ್

ಕೆಲವರು ದಾರಿ ಹಿಡದು ಹೊಂಟ್ರ ನಾಯಿ ಬೆನ್ನ ಹತ್ತತಾವ. ನನಗ ಫಜೀತಿ ಬೆನ್ನ ಹತ್ತತಾವ. ರೈಸ್ ಮಿಲ್ಲಿನಾಗ ಲಾರಿ ತೂಗೂ ಕಾಟಾ ರಿಪೇರಿ ಮಾಡೂದು ನನ್ನ ಕೆಲಸ. ವಾರದಾಗ ಒಂದಿನ ರಾಯಚೂರಾಗ ಇದ್ರ ಉಳಿದ ದಿನ ದೇವದುರ್ಗ, ಮಾನ್ವಿ ಅಂತ ತಿರಗತಿರತೀನಿ. ಸಂಜಿಮುಂದ ಲಾಡ್ಜಿನ ಗ್ವಾಡಿ ನೋಡಿ ನೋಡಿ ಬ್ಯಾಸರಾಗಿ, ಕಂಪ್ಯೂಟರಿನಾಗ ಬಂದೂಕಿನ ಆಟ ಆಡೂ ಚಟ ಹತ್ತಿಸಿಕೊಂಡೆ. ಫಜೀತಿ ಶುರುವಾಗಿದ್ದೇ ಅಲ್ಲಿಂದ.

ಸುರ ಬಿಟ್ಟು ಡಬ್ಬಿ

ಆಟ ಆಡೂವಂಥ ಲ್ಯಾಪ್‌ಟಾಪಿನ ರೇಟ್ ಕೇಳಿದೆ. ಅಂಗಡ್ಯಾಂವ ಹೇಳಿದ್ದು ಕೇಳಿ ಅಲ್ಲೇ ಇದ್ದ ಸ್ಟೂಲಿನ ಮ್ಯಾಲೆ ಕುಂತೆ. ಆಮ್ಯಾಲೆ ನಾನೇ ಕಟ್ಟತೀನಿ ಅಂತ ಹಟ ಬಂತು. ಯಾವುದೋ ಆಫೀಸಿನವರು ತಗದು ಹಾಕಿದ್ದ ಸಣ್ಣ ಕಂಪ್ಯೂಟರ್, ಯಾರೋ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್, ಸತ್ತ ಲ್ಯಾಪ್‌ಟಾಪಿನ ಸ್ಕ್ರೀನ್, ಎಲ್ಲಾ ಕೂಡಿಸಿದೆ. ಇವನ್ನೆಲ್ಲಾ ಹೊತ್ತು ತಿರಗಾಕ ಒಂದು ಗಟ್ಟಿ ಪೆಟ್ಟಿಗಿ ಬೇಕಾಗಿತ್ತು.

ಗುಜರಿ ಅಂಗಡ್ಯಾಗ ಒಂದು ಹಳೇ ಹಾರ್ಮೋನಿಯಂ ಕಣ್ಣಿಗೆ ಬಿತ್ತು. ನಮ್ಮ ಕಡೆ ಅದಕ್ಕ ಪೇಟಿ ಅಂತೀವಿ. ಹಿಡಿಕಿ ಅದ, ಮುಚ್ಚಳ ಅದ, ಬೆರಳಿಡೂ ಪಟ್ಟಿ ಇದ್ದಲ್ಲಿ ಕೀಬೋರ್ಡಿಗೆ ಜಾಗಾನೂ ಅದ.

"ಚಾಚಾ, ಒಳಗಿಂದೆಲ್ಲಾ ತಗೀರಿ, ಖಾಲಿ ಪೆಟ್ಟಿಗಿ ಸಾಕು" ಅಂದೆ.

ಚಾಚಾ ಬಾಯಾಗಿನ ಎಲಿಅಡಿಕಿ ನುಂಗಿಬಿಟ್ರು. "ಬಾಜಾ ನಿಕಾಲ್ ಕೋ ಖಾಲಿ ಡಬ್ಬಾ ಲೇ ಜಾತೇ ಕ್ಯಾ ಮಿಯಾಂ?" ಬಾಜಾ ಬಿಟ್ಟು ಬರೇ ಡಬ್ಬಿ ಒಯ್ಯತೀಯೇನು ಅಂತ ನನ್ನ ಮುಖಾನೇ ನೋಡಿದ್ರು. ಬಾಜು ಅಂಗಡ್ಯವರನ್ನ ಕರದು ತೋರಿಸಿ ಹೇಳಿದ್ರು: "ನೋಡ್ರಿ, ಈ ಮನಷ್ಯಾ ಕುದುರಿ ಬಿಟ್ಟು ಲದ್ದಿ ತಗೊಂಡು ಹೊಂಟಾನ."

ಕೂಲರ್ ಯಾರ ಕಡೆ

ಪೇಟಿ ಕಂಪ್ಯೂಟರ್ ತಯಾರಾತು. ಆದ್ರ ಬ್ಯಾಸಗಿ. ನಮ್ಮೂರ ಬಿಸಲಾಗ ಮನಷ್ಯಾರೇ ಕುದೀತಾರ, ಅದೇನು ತಡೀತದ. ಆಟ ಹಚ್ಚಿದ ಸ್ವಲ್ಪ ಹೊತ್ತಿಗೆ ಕಾದು ತಾನೇ ಬಂದ್ ಆಗಾಕ ಹತ್ತಿತು. ನಾನು ಪಡಸಾಲ್ಯಾಗಿನ ಕೂಲರ್ ತಿರುವಿ ಪೇಟಿ ಕಡೆ ಹಚ್ಚಿದೆ.

ನಮ್ಮನ್ಯಾಕಿ ಅಡಗಿಮನಿಯಿಂದ ರೊಟ್ಟಿ ಬಡದು ಬೆವರು ಒರಸಕೋತ ಬಂದು, ಹಂಗೇ ನಿಂತಳು. "ನನಗ ಜ್ವರ ಬಂದಾಗ ಈ ಕೂಲರ್ ನನ್ನ ಕಡೆ ತಿರುಗಸ್ರೀ ಅಂದ್ರ, ಗಾಲಿ ಮುರದದ, ತಿರಗಂಗಿಲ್ಲ ಅಂದಿದ್ರಿ. ಇವತ್ತು ಹ್ಯಾಂಗ ತಿರಗಿತು?"

ಇಂಟರ್ನೆಟ್ಟಿನಾಗ ಕೂಡಿ ಆಡೂ ನಮ್ಮ ತಂಡ ಒಂದು ದೊಡ್ಡ ಸ್ಪರ್ಧಿ ಫೈನಲ್ಲಿಗೆ ಬಂದದ, ಹಂಗಂತ ತಂಡದ ಮುಖ್ಯಸ್ಥರಾದ ಶಕ್ತಿನಗರದ ಎಂಜಿನಿಯರ್ರು ಆಗಲೇ ಫೋನ್ ಮಾಡಿದ್ದಾರ ಅಂತ ಹೇಳಿ ಮಾತು ಮರಸಾಕ ನೋಡಿದೆ. ಆಕಿ ಮರೀಲಿಲ್ಲ. "ಆ ಫೈನಲ್ ಗೆದ್ರ ಈ ಪೇಟಿ ಇರಲಿ. ಸೋತ್ರ ಮಾರತಕ್ಕದ್ದು. ಒಪ್ಪಿಗಿ?"

ಒಪ್ಪಿದೆ. ಕೂಲರ್ ಆಕಿ ಕಡೆ ತಿರಗಿತು, ಗಾಲಿ ಒಂದು ಕಿರ್ ಅನಲಿಲ್ಲ.

ದೇವದುರ್ಗದ ಬಸ್ಸು

ಪೇಟಿ ಹಿಡಕೊಂಡು ದೇವದುರ್ಗದ ಬಸ್ ಹತ್ತಿದೆ. ಕಾಲಿಡಾಕ ಜಾಗ ಇರಲಿಲ್ಲ. ಒಬ್ಬ ಮುದುಕ ತಟ್ಟನೆ ಎದ್ದು, "ಕೂಡ್ರಿ ಮಾಸ್ತರ್" ಅಂದ. ನಾನು ಗಾಬರಿಯಾದೆ. ಇಷ್ಟು ವರ್ಷ ತಿರಗೀನಿ, ನನಗ ಸೀಟ್ ಬಿಟ್ಟಾಂವ ಇಂವ ಒಬ್ಬನೇ.

"ಭಜನಿಗೆ ಹೊಂಟೀರೇನು? ಒಂದು ಪದ ಅನ್ರೆಲಾ."

"ಇಲ್ಲಪಾ ಯಜಮಾನ, ನನಗ ಹಾಡಾಕ ಬರಂಗಿಲ್ಲ."

ಮುದುಕ ಎಲ್ಲರ ಕಡೆ ನೋಡಿ ತಲಿ ದೂಗಿದ. "ನೋಡಿದ್ರ್ಯಾ? ಖರೇ ಕಲಾವಿದ. ಅರ್ಧಮರ್ಧ ಕಲತವರು ಕೇಳೂಕಿಂತ ಮೊದಲೇ ಬಾಯಿ ತಗೀತಾರ."

ನಮ್ಮ ಕಡೆ ಹಾಡೂವರನ್ನ ಕರದ ಕೂಡಲೇ ಯಾರೂ ಹೂಂ ಅನ್ನಂಗಿಲ್ಲ. ಗಂಟಲ ಕಟ್ಟೇದ ಅಂತಾರ, ಮರತೀನಿ ಅಂತಾರ. ಒಲ್ಲೆ ಅಂದಷ್ಟು ಮರ್ಯಾದಿ ಜಾಸ್ತಿ. ಅದು ನನಗ ನೆನಪಿರಲಿಲ್ಲ. ನಾನು ಖರೇನೇ ಬರಂಗಿಲ್ಲ ಅಂತ ಆಣಿ ಮಾಡಿದಷ್ಟೂ ಅವರು ಕೈ ಮುಗಿಯಾಕ ಹತ್ತಿದ್ರು. ಕಡೀಕ ಕಂಡಕ್ಟರನೇ ಬಂದ.

"ಕಲಾವಿದರ ಪೇಟಿ ಅಂತ ಬಿಟ್ಟಿದ್ದೆ. ಮುಂದಿನ ಸ್ಟಾಪ್ ಬರೂದ್ರಾಗ ಹಾಡಲಿಲ್ಲಾಂದ್ರ ಲಗೇಜ್ ಟಿಕೆಟ್ ಹರೀತೀನಿ." ಹರದೇಬಿಟ್ಟ.

ಲಾಡ್ಜಿನ ಫ್ಯೂಸು

ಸಂಜಿಗೆ ಲಾಡ್ಜಿನಾಗ ಬಾಗಿಲಾ ಹಾಕ್ಕೊಂಡು ಪೇಟಿ ತಗದು ಆಟ ಹಚ್ಚಿದೆ. ಟಪ್ ಅಂತ ಇಡೀ ಲಾಡ್ಜಿನ ಕರೆಂಟ್ ಹೋತು. ಮ್ಯಾನೇಜರ್ ಫ್ಯೂಸ್ ಹಾಕಿದ. ಮತ್ತ ಹಚ್ಚಿದೆ, ಮತ್ತ ಟಪ್. ಯಾರೋ ಹೀಟರಿನಾಗ ಅನ್ನ ಬೇಯಸಾಕತ್ತಾರ ಅಂತ ಅಂವ ಒಂದೊಂದೇ ಖೋಲಿ ಬಡಕೋತ ಬಂದ. ನಾನು ಲಗೂನ ಮುಚ್ಚಳ ಹಾಕಿ ಬಾಗಿಲಾ ತಗದೆ.

ಟಾರ್ಚ್ ಹಿಡದು ಮಂಚದ ಬುಡ, ಬಚ್ಚಲಾ ಎಲ್ಲಾ ನೋಡಿದ. ಸಿಕ್ಕಿದ್ದು ಪೇಟಿ ಒಂದೇ. ಅದರಿಂದ ಹೊಂಟ ವಾಯರ್ ಹಿಡಕೊಂಡು ಗ್ವಾಡಿ ತನಕ ಹೋಗಿ ಹಿಂದಕ್ಕ ಬಂದ. ಮುಖ ಬೆಳ್ಳಗಾಗಿತ್ತು.

"ಮಾಸ್ತರ್, ನಮ್ಮಪ್ಪನೂ ಪೇಟಿ ಬಾರಸತಿದ್ದ. ಮಂದಿ ಎದ್ದು ಹೋಗತಿದ್ರು, ಕರೆಂಟ್ ಎಂದೂ ಹೋಗಿರಲಿಲ್ರಿ."

ಮಾನ್ವಿಯ ಅಮಾಸಿ

ಫೈನಲ್ ಇದ್ದದ್ದು ಅಮಾಸಿ ದಿನ ಸಂಜಿ ಏಳಕ್ಕ. ಅವತ್ತೇ ಮಾನ್ವಿಯ ಒಬ್ಬ ಸಾವಕಾರರ ಮಿಲ್ಲಿನಾಗ ಕಾಟಾ ಕೆಟ್ಟು ನಿಂತಿತ್ತು. ರಿಪೇರಿ ಮುಗಿಯೂದ್ರಾಗ ಹೊತ್ತು ಮುಣಗಿತು. "ಇಲ್ಲೇ ಮನ್ಯಾಗ ಇರ್ರಿ" ಅಂದ್ರು ಸಾವಕಾರರು. ಅವರ ಮನ್ಯಾಗ ಅಮಾಸಿಗೊಮ್ಮೆ ಭಜನಿ ಇರತದ ಅಂತ ನನಗೇನು ಗೊತ್ತು. ಅವತ್ತು ಪೇಟಿ ಬಾರಸೂವರು ಬಂದಿರಲಿಲ್ಲ ಅನ್ನೂದಂತೂ ಮೊದಲೇ ಗೊತ್ತಿಲ್ಲ.

ಸಾವಕಾರರ ತಾಯಿ, ಹಣಿತುಂಬ ವಿಭೂತಿ ಹಚ್ಚಿದ ಯವ್ವ, ನನ್ನ ಕೈಯಾಗಿಂದು ನೋಡಿ, "ದೇವರೇ ಪೇಟಿ ಕಳಿಸ್ಯಾನ" ಅಂದಳು.

"ಯವ್ವಾ, ಇದು ಪೇಟಿ ಅಲ್ಲ, ಕಂಪ್ಯೂಟರ್."

ಭಜನಿಯವರು ನಕ್ಕರು. "ದೊಡ್ಡವರು ಹಿಂಗೇ ಅಂತಾರ" ಅಂತ ಪೇಟಿ ಕಸಗೊಂಡು ದೇವರ ಗದ್ದಿಗಿ ಮುಂದ ಇಟ್ರು. ವಿಭೂತಿ ಹಚ್ಚಿದ್ರು, ಹೂವು ಏರಿಸಿದ್ರು. ನಾನು ಅಲ್ಲ ಅಲ್ಲ ಅಂದಂಗೆಲ್ಲಾ ಅವರಿಗೆ ನನ್ನ ಮ್ಯಾಲೆ ಭಕ್ತಿ ಏರಾಕ ಹತ್ತಿತು. ಒಬ್ಬ ಟೆಂಗಿನಕಾಯಿ ಒಡದು ಆ ನೀರು ಪೇಟಿ ಮ್ಯಾಲೆ ಚಿಮಕಸಾಕ ಕೈ ಎತ್ತಿದ. ಗಾಳಿ ಆಡ್ಲಿ ಅಂತ ನಾನೇ ಮುಚ್ಚಳಕ್ಕ ತೂತು ಹೊಡದೀನಿ. ಹಾರಿ ಪೇಟಿ ಮ್ಯಾಲೆ ಬೋರಲ ಬಿದ್ದೆ. ನೀರೆಲ್ಲಾ ಬೆನ್ನಿಗೆ ಬಿತ್ತು. ತಲಿ ಎತ್ತಿ ನೋಡ್ತೀನಿ, ನನ್ನ ಹಿಂದ ಎಲ್ಲಾರೂ ನನ್ನಂಗ ಬೋರಲ ಬಿದ್ದು ದೀಡ ನಮಸ್ಕಾರ ಹಾಕ್ಯಾರ.

ಇನ್ನ ತಡೀಲಿಲ್ಲ. ಮುಚ್ಚಳ ತಗದು, ವಾಯರ್ ಗ್ವಾಡಿಗೆ ಚುಚ್ಚಿ ಸ್ವಿಚ್ ಒತ್ತಿದೆ. ಸ್ಕ್ರೀನ್ ಬೆಳಗಿತು. ತಾಳದವರ ಕೈ ಗಾಳ್ಯಾಗೇ ನಿಂತವು. ಅಷ್ಟರಾಗ ಪೇಟಿ ಒಳಗಿಂದ ಎಂಜಿನಿಯರ್ರ ದನಿ ಬಂತು: "ಎಲ್ಲಿದೀರಿ, ಆಟ ಶುರು ಆತು."

ನಾನು ಯವ್ವಗ ಕೈ ಮುಗದೆ. "ಯವ್ವಾ, ಈ ಆಟ ಸೋತ್ರ ನಮ್ಮನ್ಯಾಕಿ ಈ ಪೇಟಿ ಮಾರಸ್ತಾಳ."

ಯವ್ವ, "ಗದ್ದಿಗಿ ಮುಂದ ಬಂದಾಂವಗ ಇಲ್ಲ ಅನ್ನಬಾರದು. ಆಡಪಾ. ಭಜನಿ ಆಮ್ಯಾಲೆ" ಅಂದಳು.

ಆಡಿದೆ. ಮೊದಮೊದಲು ಎಲ್ಲಾರೂ ದೂರ ಕುಂತಿದ್ರು. ಆಮ್ಯಾಲೆ ಒಬ್ಬೊಬ್ಬರೇ ಸರಕೋತ ಬಂದ್ರು. "ಗಿಡದ ಹಿಂದ ಒಬ್ಬ ಅದಾನ ನೋಡ್ರಿ" ಅಂದ ತಬಲಾದವ. ಅದಾನ, ಹೊಡದೆ. ನಮ್ಮ ತಂಡದಾಗ ನಾನೊಬ್ಬ ಉಳದೆ, ಆ ಕಡೆ ಒಬ್ಬ ಉಳದ. ಅಂವ ನನಗ ಬೆನ್ನ ಮಾಡಿ ನಿಂತಿದ್ದ. ಒಂದು ಬಟನ್ ಒತ್ತಿದ್ರ ಪೇಟಿ ನನ್ನದು.

ಯವ್ವ ನನ್ನ ರಟ್ಟಿ ಹಿಡದಳು. "ಈ ಹುಡುಗ ಯಾರ ಮಗ?"

"ಗೊತ್ತಿಲ್ಲ ಯವ್ವಾ, ಬಿಡು, ಹೊಡಿಯೂದದ."

"ಗೊತ್ತಿಲ್ಲದವನ್ನ ಬೆನ್ನಿಗೆ ಹೊಡೀತಿ? ಅಮಾಸಿ ದಿನ, ದೇವರ ಮುಂದ? ಒಂದು ಜೀವ ಆದ್ರೂ ಉಳೀಲಿ."

ಆ ಜೀವ ತಿರಗಿತು, ನನ್ನ ನೋಡಿತು, ಢಂ ಅನಿಸಿತು. ಎಂಜಿನಿಯರ್ರ ಬಾಯಿಂದ ಬಂದ ಮಾತು ಗದ್ದಿಗಿ ಮುಂದ ಕೇಳೂವಂಥಾದ್ದಲ್ಲ. ಯವ್ವ ಬಿಟ್ಟ ಕಣ್ಣು ಬಿಟ್ಟಂಗ ಕುಂತಿದ್ದಳು. "ನಾವು ಬಿಟ್ಟ್ವಿ. ಅಂವ ಬಿಡಲಿಲ್ಲಲ್ಲ" ಅಂತ ಒಂದೇ ಮಾತು ಅಂದಳು. ಭಜನ್ಯಾಗೂ ಆಕಿ ದನಿ ಏಳಲಿಲ್ಲ.

ಮುಂಜಾನೆ ಮನಿಗೆ ಫೋನ್ ಮಾಡಿ ಸೋತ ಸುದ್ದಿ ಹೇಳಿದೆ. "ಮಾತು ಅಂದ್ರ ಮಾತು. ಇವತ್ತೇ ಗಿರಾಕಿ ಹುಡುಕ್ರಿ" ಅಂದಳು ನಮ್ಮನ್ಯಾಕಿ. ಫೋನ್ ಕಿವ್ಯಾಗ ಇಟಗೊಂಡೇ ಪೇಟಿ ಮ್ಯಾಲಿನ ವಿಭೂತಿ ಒರಸಾಕತ್ತಿದ್ದೆ. ಯವ್ವ ಜಳಕ, ಪೂಜಿ ಮುಗಿಸಿ ಬಂದು ಎದುರಿಗೆ ಕುಂತಳು.

"ಅಮಾಸಿ ಮುಗೀತಿಲ್ಲಪಾ?"

"ಮುಗೀತು ಯವ್ವಾ. ಇವತ್ತು ಪಾಡ್ಯ."

ನನ್ನ ಕೈಯಾಗಿಂದ ಫೋನ್ ಕಸಗೊಂಡು, "ತಂಗೀ, ಪೇಟಿ ಮಾರೂ ಮಾತು ತಗೀಬ್ಯಾಡವಾ, ನಮ್ಮದು ಒಂದು ಲೆಕ್ಕ ಬಾಕಿ ಅದ" ಅಂದಳು. ಫೋನ್ ಬಾಜೂಕ ಇಟ್ಟು, ಸೀರಿ ಸೆರಗು ನಡಕ್ಕ ಸಿಗಿಸಿ, ಚಾಳೀಸು ಕಣ್ಣಿಗೆ ಏರಿಸಿಕೊಂಡಳು.

"ಪೇಟಿ ತಗಿ. ಎಲ್ಲಿ ಅದಾನ ಆ ಭಾಡ್ಯಾ, ಹುಡುಕು. ಈ ಸಲ ಬಟನ್ ನಾನು ಒತ್ತತೀನಿ."