ಮೊದಲೇ ಹೆಚ್ಚಿಟ್ಟ ಹೆಸರುಗಳು

ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾನೂರು ಸಾಲು ಬರೆದದ್ದೇ ಕಮಲಾಕರನ ಗ್ರಹಚಾರಕ್ಕೆ ಮೂಲ.

ಮದ್ರಾಸಿನ ಕೋಯಂಬೇಡಿನ ಒಂದು ತರಕಾರಿ ಮಂಡಿಯ ಬಾಗಿಲಿಗೆ ದೀಪದ ಬೋರ್ಡು. ಅದರ ಮೇಲೆ ನೂರ ಎಂಬತ್ತು ಅಂಗಡಿಗಳ ಹೆಸರು ಒಂದರ ಹಿಂದೊಂದು ಓಡಬೇಕು. ಮಂಡಿಯವರು ಹೆಸರುಗಳನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಸಾಲಾಗಿ ಪೋಣಿಸಿ ಕೊಡುತ್ತಾರೆ. ಅದನ್ನು ಬಿಡಿಬಿಡಿಯಾಗಿ ಕತ್ತರಿಸುವುದು ಪ್ರೋಗ್ರಾಮಿನ ಕೆಲಸ.

"ಬೋರ್ಡ್ ಆನ್ ಆದ್ಮೇಲೆ ಅದೇ ಕತ್ತರಿಸ್ಕೊಳ್ಳತ್ತೆ ಸಾರ್, ನಾಲ್ಕು ಸಾಲು ಸಾಕು" ಎಂದಿದ್ದಳು ಪಕ್ಕದ ಮೇಜಿನ ಶಾಲಿನಿ.

ಹತ್ತು ವರ್ಷ ಸಿ ಪ್ಲಸ್ ಪ್ಲಸ್ ಅರೆದು ಕುಡಿದ ಕಮಲಾಕರನಿಗೆ ಇದು ಅವಮಾನ. "ಟೆಂಪ್ಲೇಟಲ್ಲಿ ಬರೆದ್ರೆ ಕಂಪೈಲ್ ಆಗೋವಾಗ್ಲೇ, ಅಂದ್ರೆ ಬೋರ್ಡಿಗೆ ಹಾಕೋ ಮುಂಚೆ ಪ್ರೋಗ್ರಾಮು ಯಂತ್ರದ ಭಾಷೆಗೆ ತಿರುಗೋವಾಗ್ಲೇ, ಎಲ್ಲಾ ತುಂಡಾಗಿರತ್ತೆ. ಮದುವೆಮನೇಲಿ ಹಿಂದಿನ ದಿನವೇ ತರಕಾರಿ ಹೆಚ್ಚಿಡಲ್ವಾ, ಹಾಗೆ. ಬೋರ್ಡು ಓಡೋವಾಗ ಕೆಲಸವೇ ಇಲ್ಲ, ಯಾರೂ ಕೈ ಹಾಕೋಕೂ ಆಗಲ್ಲ!"

ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಮ್ಯಾನೇಜರ್ ಸಂಜೀವರಾಯರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಅದನ್ನೇ ತಮಿಳಿಗೆ ತಿರುಗಿಸಿ ಮಂಡಿಯವರಿಗೂ ಉಣಬಡಿಸಿದರು.

ಬೋರ್ಡು ಬೆಳಗಬೇಕಾದ ದಿನ ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದರೊಳಗೆ ಬೆಳಗಿದರೆ ಕಮಲಾಕರನಿಗೆ ಒಂದು ವಾರ ರಜೆ, ಮಧ್ಯಾಹ್ನ ಎರಡರ ಬಸ್ಸು, ಭಾನುವಾರ ಮಂಡ್ಯದಲ್ಲಿ ಮಗಳ ನಾಮಕರಣ. ಮಗುವಿನ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ. ಎತ್ತಿಕೊಳ್ಳಬೇಕೆಂಬ ಆಸೆಗೆ ಕೈಗಳೇ ಜುಮ್ಮೆನ್ನುತ್ತಿದ್ದವು.

ಎಂಟು ಗಂಟೆಗೆ ಟೊಮೆಟೊ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತ. ಆಫೀಸಿನಲ್ಲಿ ಹತ್ತು ಹೆಸರಿಟ್ಟು ನೋಡಿದಾಗ ಎಲ್ಲ ಸರಿಯಿತ್ತು. ಈಗ ನೂರ ಎಂಬತ್ತು ಹೆಸರು ಸುರಿದದ್ದೇ ತಡ, ಕಂಪೈಲರು ತಪ್ಪುಗಳ ಪಟ್ಟಿ ಹೇಳತೊಡಗಿತು. ಪಟ್ಟಿ ಹನುಮಂತನ ಬಾಲದಂತೆ ಬೆಳೆದು ನಾಲ್ಕು ಸಾವಿರ ಸಾಲಾಯಿತು. ಬರೆದವನು ತಾನೇ ಆದರೂ ಕಮಲಾಕರನಿಗೆ ಒಂದಕ್ಷರ ತಿಳಿಯಲಿಲ್ಲ.

"ಪ್ಲಗ್ ತೆಗೆದು ಹಾಕು ತಂಬಿ" ಎಂದ ಒಬ್ಬ ಮೂಟೆ ಹೊರುವವ. ಇನ್ನೊಬ್ಬ ಲ್ಯಾಪ್‌ಟಾಪಿಗೆ ನಿಂಬೆಹಣ್ಣು ನಿವಾಳಿಸಿದ. ನಿಂಬೆಹಣ್ಣಿಗೋ, ಕಮಲಾಕರ ಗಾಬರಿಯಲ್ಲಿ ಬದಲಿಸಿದ ಒಂದು ಅಂಕಿಗೋ, ಮುಕ್ಕಾಲು ಗಂಟೆ ಏದುಸಿರುಬಿಟ್ಟು ಕಂಪೈಲರು ಒಪ್ಪಿಕೊಂಡಿತು.

ಪರೀಕ್ಷೆಗೆಂದು ಲ್ಯಾಪ್‌ಟಾಪಿನಲ್ಲೇ ಹೆಸರುಗಳನ್ನು ಓಡಿಸಿದ. ಕೂಡಲೇ ಮುದುಕರೊಬ್ಬರು ಎದೆ ಹಿಡಿದುಕೊಂಡರು. ಅವರ ಅಂಗಡಿಯ ಹೆಸರು 'ಸೆಲ್ವಂ, ಮಗ'. ನಡುವಿನ ಅಲ್ಪವಿರಾಮದಲ್ಲಿ ಕತ್ತರಿ ಬಿದ್ದು ಅಪ್ಪನದೊಂದು ಅಂಗಡಿ, ಮಗನದೊಂದು ಅಂಗಡಿಯಾಗಿತ್ತು.

"ಪಾಲು ಮಾಡಿಸೋಕೆ ಈ ಕಂಪ್ಯೂಟರಿನವನಿಗೆ ಎಷ್ಟು ಲಂಚ ಕೊಟ್ಟೆಯೋ!" ಎಂದು ಅಪ್ಪ ಮಗನ ಮೇಲೆ ಹರಿಹಾಯ್ದರು. ಕಮಲಾಕರ ಅಪ್ಪ ಮಗನನ್ನು ಒಂದುಗೂಡಿಸಿ ಮತ್ತೆ ಕಂಪೈಲಿಗೆ ಕೊಟ್ಟಾಗ ಒಂಬತ್ತೂ ಮುಕ್ಕಾಲು. ಮಂಡಿಗೆ ಮಂಡಿಯೇ ವ್ಯಾಪಾರ ಬಿಟ್ಟು ಅವನ ಬೆನ್ನ ಹಿಂದೆ ನಿಂತಿತು.

ಹತ್ತು ಇಪ್ಪತ್ತೆಂಟಕ್ಕೆ ಬೋರ್ಡು ಝಗ್ಗನೆ ಬೆಳಗಿತು. ನೂರ ಎಂಬತ್ತು ಹೆಸರೂ ಮುತ್ತಿನಂತೆ ಓಡಿದವು. ಶಿಳ್ಳೆ, ಚಪ್ಪಾಳೆ. ಸಂಘದ ಅಧ್ಯಕ್ಷರು, ಎಲ್ಲರೂ ಅಣ್ಣಾಚ್ಚಿ ಎನ್ನುವ ಹಿರಿಯರು, ಕಮಲಾಕರನ ಕೊರಳಿಗೆ ಸಂಪಿಗೆ ಹಾರ ಹಾಕಿದರು. ಅವನ ಮನಸ್ಸು ಆಗಲೇ ಬಸ್ಸು ಹತ್ತಿತ್ತು.

ಆಗ ಅಣ್ಣಾಚ್ಚಿ ಒಂದು ತಗಡಿನ ಡಬ್ಬ ತಂದು ಮುಂದಿಟ್ಟು ತಮಿಳಿನಲ್ಲಿ ಏನೋ ಕೇಳಿದರು. ಕಮಲಾಕರನಿಗೆ ಅರ್ಧಂಬರ್ಧ ತಿಳಿಯಿತು. ಬೋರ್ಡು ಬೆಳಗುವುದನ್ನು ನೋಡಲು ಬಂದಿದ್ದ ಸಂಜೀವರಾಯರು ಪೂರ್ತಿ ಮಾಡಿದರು: "ನಾಳೆ ಬೆಳಗ್ಗೆ ಚೀಟಿ ಎತ್ತೋಕೆ ನೀವು ಎಷ್ಟೊತ್ತಿಗೆ ಬರ್ತೀರಿ ಅಂತಿದಾರೆ."

"ಯಾವ ಚೀಟಿ ಸಾರ್?"

"ಯಾರ ಹೆಸರು ಮೊದಲು ಅಂತ ಇಲ್ಲಿ ದಿನಾ ಜಗಳವಂತಪ್ಪಾ. ಅದಕ್ಕೇ ಹಳೇ ಬೋರ್ಡಿನ ಕಾಲದಿಂದ್ಲೂ ದಿನಾ ಬೆಳಗ್ಗೆ ಚೀಟಿ ಎತ್ತಿ ಹೆಸರುಗಳ ಸರದಿ ಬದಲಾಯಿಸೋದು ಪದ್ಧತಿ."

ಸರದಿ ಬದಲಾದರೆ ದಿನಾ ಮತ್ತೆ ಮುಕ್ಕಾಲು ಗಂಟೆ ಕಂಪೈಲು! ಕಮಲಾಕರನ ತಲೆ ಗಿರ್ರೆಂದಿತು. "ಸಾರ್, ಶಾಲಿನಿದು ನಾಲ್ಕು ಸಾಲಿದೆ, ಅದನ್ನೇ ಹಾಕ್ಬಿಡೋಣ. ಇವರೇ ಹೆಸರು ಬದಲಾಯಿಸ್ಕೋಬಹುದು!"

ಸಂಜೀವರಾಯರು ಇದನ್ನು ತಮಿಳಿನಲ್ಲಿ ಹೇಳಿದ್ದೇ ತಡ, ಅಣ್ಣಾಚ್ಚಿ ಕಿಡಿಕಿಡಿಯಾದರು.

"ಆಗಲ್ವಂತೆ" ಎಂದರು ಸಂಜೀವರಾಯರು. "ಓಡೋವಾಗ ಯಾರೂ ಕೈ ಹಾಕೋಕಾಗಲ್ಲ ಅಂದಿದ್ದಕ್ಕೇ ನಮ್ಮ ಬೋರ್ಡು ತಗೊಂಡ್ರಂತೆ. ಯಾವ ಗುಂಪಿಗೂ ಸೇರದ ನೀವು ದಿನಾ ಎಲ್ಲರ ಎದುರಿಗೇ ಕೂತು ಮಾಡ್ಬೇಕಂತೆ."

"ನನ್ನ ರಜೆ ಸಾರ್?"

"ಆ ನಾನೂರು ಸಾಲು ನಿಮ್ಮನ್ನ ಬಿಟ್ರೆ ಯಾರಿಗಪ್ಪಾ ಅರ್ಥ ಆಗತ್ತೆ?"

ಅಷ್ಟರಲ್ಲಿ ಹೆಂಡತಿ ವಾಸಂತಿಯ ಫೋನು. ಕಮಲಾಕರ ತಡವರಿಸುತ್ತ ಎಲ್ಲ ಹೇಳಿದ. ಆ ಕಡೆ ಮಗು ಅಳುತ್ತಿತ್ತು. ಅವನ ಕಣ್ಣೂ ತುಂಬಿತು.

"ಸರಿ, ಮಗು ಹೆಸರು ಈಗ್ಲೇ ಹೇಳ್ಬಿಡಿ" ಎಂದಳು ವಾಸಂತಿ. "ಬರ್ಕೊಂಡಿರ್ತೀನಿ."

"ಬಂದ್ಮೇಲೆ ನಾನೇ ಕಿವೀಲಿ ಹೇಳ್ತೀನಿ ಕಣೆ."

"ಯಾಕ್ರೀ? ಎಲ್ಲಾ ಮೊದ್ಲೇ ಮಾಡಿಟ್ಬಿಟ್ರೆ ಆ ಹೊತ್ತಿಗೆ ಏನೂ ಕೆಲಸವೇ ಇರಲ್ಲ ಅಂತ ನೀವೇ ಹೇಳ್ತಿದ್ರಲ್ಲ!"

ಎರಡರ ಬಸ್ಸು ಮಂಡಿಯ ಮುಂದೆಯೇ ಹಾದುಹೋಯಿತು. ಕಮಲಾಕರ ಸಂಪಿಗೆ ಹಾರ ಹಾಕಿಕೊಂಡೇ ಕ್ರೇಟಿನ ಮೇಲೆ ಕೂತು, ಅಣ್ಣಾಚ್ಚಿ ಹೇಳಿದ ಹೆಸರುಗಳನ್ನು ನಾಳೆಯ ಚೀಟಿಗಳ ಮೇಲೆ ಬರೆಯುತ್ತಿದ್ದ.