ಮಾಮಾನ ಬೀಸುವ ಕಲ್ಲು

ಗರ್ರ್… ಗರ್ರ್… ಟಕ್. ಗರ್ರ್… ಗರ್ರ್… ಟಕ್.

ಇದು ನಮ್ಮ ಆಯಿಯ, ಅಂದರೆ ತಾಯಿಯ ತಾಯಿಯ, ಬೀಸುವ ಕಲ್ಲಿನ ಸದ್ದು. ಆ ‘ಟಕ್’ ಇದೆಯಲ್ಲ, ಅದು ಅವಳ ಬಳೆ ಕಲ್ಲಿನ ಗೂಟಕ್ಕೆ ತಾಗಿದ್ದು. ಮಿರಜಿನ ಆ ಮನೆ ಈಗಿಲ್ಲ, ಆಯಿ ಇಲ್ಲ, ನನ್ನ ಎಡಗಿವಿಯೂ ಅಷ್ಟಕ್ಕಷ್ಟೇ. ಆದರೂ ಸಾಂಗಲಿಯ ನನ್ನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಪಕ್ಕದವರ ಮಿಕ್ಸರ್ ಶುರುವಾದರೆ ನನಗೆ ಕೇಳುವುದು ಅದೇ.

ಕಲ್ಲಿನ ಮಾತು ಯಾಕೆ ತೆಗೆದೆನೆಂದರೆ ನಮ್ಮ ಮಾಮಾನ ಕಥೆ ಹೇಳಬೇಕು. ಆಸ್ಪತ್ರೆಗೆ ಹೋಗುವಾಗ ಜನ ಮೋಸಂಬಿ ಒಯ್ಯುತ್ತಾರೆ, ಎಳನೀರು ಒಯ್ಯುತ್ತಾರೆ. ನಮ್ಮ ಮಾಮಾ ಬೀಸುವ ಕಲ್ಲು ಒಯ್ಯುತ್ತಿದ್ದ! ಅದೂ ಗುರುತು ಪರಿಚಯ ಇಲ್ಲದ ಪೇಶಂಟುಗಳ ಕಡೆಗೆ! ಹುಚ್ಚೇ ಅನ್ನುತ್ತೀರಾ? ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಇನ್ ಫ್ಯಾಕ್ಟ್, ಅವನ ಮುಖಕ್ಕೇ ಅಂದಿದ್ದೆ.

ಮಾಮಾ ಎನ್ನುವುದು ಹೆಸರಿಗೆ ಮಾತ್ರ. ಅವನು ಆಯಿಯ ಕೊನೆಯ ಮಗ, ನನಗಿಂತ ಎರಡೇ ವರ್ಷ ದೊಡ್ಡವನು. ಆದ್ದರಿಂದ ‘ನೀನು’ ಎಂದೇ ನಡೆಯಿತು. ಅವನಿಗೆ ನಾನು ಎಪ್ಪತ್ತು ದಾಟಿದ ಮೇಲೂ ‘ಬೇಬಿ’! ನನ್ನನ್ನು ಕಾನ್ವೆಂಟಿಗೆ ಹಾಕಿದರು, ಅವನನ್ನು ಪೇಟೆಯ ಕಿರಾಣಿ ಅಂಗಡಿಯಲ್ಲಿ ಕೂರಿಸಿದರು. ನಾನು ಡ್ಯಾಫೊಡಿಲ್ ಹೂ ನೋಡದೆಯೇ ಡ್ಯಾಫೊಡಿಲ್ ಎಂದರೇನೆಂದು ಕಲಿತೆ. ಅವನು ಶೇಂಗಾ ಮುಟ್ಟಿ ನೋಡಿ ಯಾವ ಊರಿನದೆಂದು ಹೇಳುವುದನ್ನು ಕಲಿತ. ಇಬ್ಬರಲ್ಲಿ ಎಜುಕೇಟೆಡ್ ಯಾರು ಎಂಬುದು ಈಗ ನನಗೆ ಡೌಟು.

ನಾವು ಚಿಕ್ಕವರಿದ್ದಾಗ ಆ ಮನೆಯ ಹಿಂದಿನ ಖೋಲಿಯಲ್ಲಿ ಒಬ್ಬ ಮರಾಠಿ ತರುಣ ಬಾಡಿಗೆಗಿದ್ದು ಕಾಲೇಜು ಓದುತ್ತಿದ್ದ. ಮುಂದೆ ಅವರೇ ಸಿನಿಮಾ ಹಾಡು ಬರೆದು, ಧಾಟಿಯನ್ನೂ ತಾವೇ ಕಟ್ಟಿ, ಮಹಾರಾಷ್ಟ್ರಕ್ಕೆಲ್ಲ ಹೆಸರಾದರು. ಹೆಸರು ಬೇಡ, ಕವಿಗಳು ಅನ್ನೋಣ. ಅವರ ಅತಿ ಪ್ರಸಿದ್ಧವಾದ ಹಾಡೊಂದಿದೆ. ಹೊಳೆಯ ದಂಡೆಯಲ್ಲಿ ಪ್ರಿಯಕರ ಹೋಗುತ್ತಾನೆ, ನಾಯಕಿ ಮರದ ಹಿಂದೆ ನಿಂತು ಹಾಡುತ್ತಾಳೆ. ಅದರ ಧಾಟಿ ಮಾತ್ರ ನಮ್ಮ ಆಯಿ ಬೀಸುತ್ತ ಹಾಡುತ್ತಿದ್ದ ಪದದ್ದು! ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಸಹ!

ರೇಡಿಯೋದಲ್ಲಿ ಈ ಹಾಡು ಬಂದರೆ ಮಾಮಾ ತಕ್ಕಡಿ ಬಿಟ್ಟು ಎದ್ದು ನಿಲ್ಲುತ್ತಿದ್ದ. ‘‘ನಮ್ಮ ಅವ್ವನ ಪದಾ! ನಮ್ಮ ಅವ್ವನ ಪದಾ!’’ ಗಿರಾಕಿಗಳೂ ಪಾಪ, ರಾಷ್ಟ್ರಗೀತೆ ಇರಬೇಕೆಂದು ಅಟೆನ್ಶನ್‌ನಲ್ಲಿ ನಿಲ್ಲುತ್ತಿದ್ದರು. ಕವಿಗಳ ಸಂದರ್ಶನ ಬಂದರಂತೂ ಮುಗಿಯಿತು. ತಮ್ಮ ಮೇಲೆ ಪ್ರಭಾವ ಬೀರಿದ ಹಾಡುಗಳನ್ನು ಅವರು ಒಂದೊಂದಾಗಿ ಹೇಳುತ್ತಿದ್ದರು: ಧನಗರ ಹಾಡು, ಗೋಂಧಳ, ಲಾವಣಿ, ಭಜನೆ. ಕೊನೆಗೆ ‘ಎಲ್ಲೋ ಕೇಳಿದ ಬೀಸುಕಲ್ಲಿನ ಒಂದು ಹಾಡು.’

‘‘ಎಲ್ಲೋ ಅಂದ್ರ ಏನ ಬೇಬಿ? ನಮ್ಮನಿಗಿ ಪತ್ತಾ ಇಲ್ಲೇನ?’’

ಒಂದು ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಇದೇ ಹಾಡು ಬಾರಿಸಿದರು. ಮಾಮಾ ಹೋಗಿ ಎದುರಿಗೆ ಅಡ್ಡ ನಿಂತ. ವರನ ಕುದುರೆ ನಿಂತಿತು, ಹಿಂದೆ ಎರಡು ಎಸ್.ಟಿ. ಬಸ್ಸು ನಿಂತವು.

‘‘ಇದು ಯಾರ ಪದಾ, ಗೊತ್ತೈತೇನ? ನಮ್ಮ ಅವ್ವಂದು!’’

ಬ್ಯಾಂಡ್ ಮಾಸ್ತರ ತುತ್ತೂರಿ ಕೆಳಗಿಳಿಸಿ, ‘‘ಹೌದೇನ್ರಿ ಕಾಕಾ? ಅವ್ವಾರು ಯಾವ ಬ್ಯಾಂಡಿನ್ಯಾಗ ಇದ್ದರ್ರಿ?’’ ಎಂದ.

ಏಳೆಂಟು ವರ್ಷಗಳ ಹಿಂದೆ ಸಾಂಗಲಿಯಲ್ಲಿ ಕವಿಗಳಿಗೆ ಸನ್ಮಾನ ಏರ್ಪಾಡಾಯಿತು. ಅವರನ್ನು ಎಲ್ಲರೆದುರು ಒಪ್ಪಿಸಿಯೇ ಬಿಡುತ್ತೇನೆಂದು ಮಾಮಾ ಹೊರಟ. ‘‘ನೀನೂ ಬಾ ಬೇಬಿ, ಕಾನ್ವೆಂಟ್ ಕಲ್ತಾಕಿ ಸಂಗಾಟ ಇದ್ರ ವಜನ ಬರತೈತಿ.’’ ಅವನ ಕೈಯಲ್ಲಿ ನಾಲ್ಕು ಪುಟದ ಆರೋಪಪಟ್ಟಿ, ಮರಾಠಿಯಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಹಾರಗಳ ನಡುವೆ ಕೂತಿದ್ದ ಎಂಬತ್ತರ ಕವಿಗಳ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡ. ಓದಿದ್ದು ಮೊದಲ ಸಾಲು ಮಾತ್ರ: ‘ನಾನು ಮಿರಜಿನ ಇಂಥ ಮನೆಯವನು.’

ಕವಿಗಳು ಎದ್ದರು. ಮಾಮಾನ ಎರಡೂ ಕೈ ಹಿಡಿದುಕೊಂಡರು. ‘‘ಅವ್ವನ ಮಗನಾ?’’ ಎಂದು ಮರಾಠಿಯಲ್ಲಿ ಕೇಳಿ, ಅಲ್ಲೇ, ಎಲ್ಲರೆದುರು, ಕನ್ನಡದಲ್ಲಿ ಹಾಡಿದರು:

ಹೊಳಿದಂಡಿ ಹಾದ್ಯಾಗ ಯಾರವ್ವ ಹೊಂಟಾನ
ಹೆಗಲಾಗ ಚೀಲ, ಬರಿಗಾಲ…

ಅಲ್ಲಿಗೆ ನಿಂತರು. ‘‘ನನಗೆ ಕನ್ನಡ ಬರುವುದಿಲ್ಲ. ದಿನಾ ಬೆಳಿಗ್ಗೆ ಇಷ್ಟು ಕೇಳಿಸುವುದರೊಳಗೆ ನಾನು ಹಿತ್ತಿಲ ಬಾಗಿಲು ದಾಟಿರುತ್ತಿದ್ದೆ. ಮುಂದಿನದು ಕೇಳಲೇ ಇಲ್ಲ. ಮುಂದೇನು ಬರುತ್ತದೆ? ಇಷ್ಟು ವರ್ಷ ಅದೊಂದೇ ಕೊರೆಯುತ್ತಿದೆ.’’

ಮಾಮಾನಿಗೂ ಬರುತ್ತಿರಲಿಲ್ಲ! ಆಯಿ ಬೀಸುವ ಹೊತ್ತಿಗೆ ಅವನು ದಿನಾ ಗೊರಕೆ ಹೊಡೆಯುತ್ತಿದ್ದವನು. ನಾಲ್ಕು ಪುಟದ ಆರೋಪಪಟ್ಟಿಯ ಬೆನ್ನಿಗೆ ಕವಿಗಳ ಫೋನ್ ನಂಬರ್ ಬರೆಸಿಕೊಂಡು, ‘‘ಹುಡುಕಿ ಹೇಳ್ತೇನ್ರಿ’’ ಎಂದು ಮಾತು ಕೊಟ್ಟು ಬಂದ.

ಹುಡುಕುವುದೆಲ್ಲಿ? ಮಿರಜಿನ ಆಸ್ಪತ್ರೆಗಳಿಗೆ ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ದಿನಾ ಪೇಶಂಟುಗಳು ಬರುತ್ತಾರೆ, ಜೊತೆಗೆ ಒಬ್ಬೊಬ್ಬ ಮುದುಕಿ ಇದ್ದೇ ಇರುತ್ತಾಳೆ. ಮಾಮಾ ವರಾಂಡದಲ್ಲಿ ಅವರ ಮುಂದೆ ಕೂತು, ‘‘ಯವ್ವಾ, ಬೀಸೂ ಪದಾ ಬರತಾವೇನ್ರಿ?’’ ಎಂದು ಕೇಳುವನು. ಎಲ್ಲರದೂ ಒಂದೇ ಉತ್ತರ: ‘‘ಬರತಿದ್ದೂವೋ ತಮ್ಮಾ. ಬರೇ ಬಾಯಿಲೆ ಹ್ಯಾಂಗ ಬರತಾವ? ಕೈಯಾಗ ಗೂಟ ಬೇಕು.’’

ಸರಿ, ಮರುದಿನದಿಂದ ಸ್ಕೂಟರಿನ ಮುಂಭಾಗದಲ್ಲಿ ಗೋಣಿಚೀಲ, ಅದರೊಳಗೆ ಕಲ್ಲು! ವಾಚಮನ್ ತಡೆದು, ‘‘ಪೇಶಂಟ್ ಕುಠೇ?’’ ಎಂದು, ಪೇಶಂಟ್ ಎಲ್ಲಿ ಎಂದು, ಕೇಳಿದರೆ ಮಾಮಾ ಗೋಣಿಚೀಲದ ಕಡೆ ಬೆರಳು ತೋರಿಸಿದನಂತೆ. ವಾಚಮನ್ ಚೀಲ ಎತ್ತಲು ಹೋಗಿ ತಾನೇ ಎಲುಬಿನ ಡಾಕ್ಟರ ಹತ್ತಿರ ಸೇರಿಕೊಂಡ. ಆಮೇಲೆ ಮಾಮಾ ಸಿತಾರ್ ಮಾಡುವವರ ಬಳಿ ಹೋಗಿ, ಸಿತಾರಿಗೆ ಹಾಕುವ ಒಣಗಿದ ಸೋರೆಬುರುಡೆಯಿಂದಲೇ ಹಗುರವಾದ ಬೀಸುಕಲ್ಲೊಂದನ್ನು ಮಾಡಿಸಿದ. ಪಾಲಿಶ್ ಏನು, ಬಳ್ಳಿ ಚಿತ್ತಾರ ಏನು! ಜಮಖಂಡಿಯ ಮುದುಕಿಯೊಬ್ಬಳು ಎರಡು ಸುತ್ತು ತಿರುಗಿಸಿ ಪಕ್ಕಕ್ಕಿಟ್ಟಳು. ‘‘ಹಿಟ್ಟ ಬೀಳದ ಕಲ್ಲಿನಾಗ ಪದಾ ಎಲ್ಲಿಂದ ಬೀಳಬೇಕೋ ತಮ್ಮಾ?’’

ನಿಜವಾದ ಕಲ್ಲಿಗೆ ಮಾತ್ರ ಪದಗಳು ಬಿದ್ದವು. ನೂರಾರು! ಮಾಮಾ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡ. ನಮ್ಮ ಪದವೊಂದು ಬಿಟ್ಟು ಎಲ್ಲವೂ ಇದ್ದವು.

‘‘ಬೇಬಿ, ನೀ ಅವ್ವನ ತೊಡಿ ಮ್ಯಾಲ ಮಲಗಿರತಿದ್ದಿ. ಕೇಳೇ ಕೇಳಿರತಿ. ಒಂದ ಸಲ ಕಲ್ಲ ಹಿಡಿ.’’

‘‘ಐ ವಾಸ್ ಫೋರ್, ಮಾಮಾ! ನನಗ ಸಂಧಿವಾತ ಐತಿ. ನಾ ಕಲ್ಲ ಮುಟ್ಟೂದಿಲ್ಲ.’’

ಸಂಧಿವಾತ ಸುಳ್ಳಲ್ಲ. ಆದರೆ ಕಾರಣ ಅದಲ್ಲ. ಕಾನ್ವೆಂಟಿನ ಮೊದಲ ವರ್ಷ ಸಿಸ್ಟರ್ ‘ಸಿಂಗ್ ಸಮ್‌ಥಿಂಗ್, ಡಿಯರ್’ ಎಂದಾಗ ನಾನು ಹಾಡಿದ್ದು ಬೀಸುವ ಪದವನ್ನೇ, ಕೈಯನ್ನು ಗಾಳಿಯಲ್ಲಿ ತಿರುಗಿಸುತ್ತ. ಇಡೀ ಕ್ಲಾಸು ನಕ್ಕಿತು. ನಲವತ್ತು ಹುಡುಗಿಯರು ವಾರವಿಡೀ ನನ್ನನ್ನು ಕಂಡಲ್ಲೆಲ್ಲ ಕೈ ತಿರುಗಿಸಿದರು. ಅಂದು ಒಳಗೆ ಹಾಕಿ ಬೀಗ ಜಡಿದದ್ದನ್ನು ಎಪ್ಪತ್ತರ ಮೇಲೆ ಇವನು ತೆಗೆ ಅಂದರೆ?

ಕಳೆದ ವರ್ಷ ಮಾಮಾ ತಾನೇ ಪೇಶಂಟಾಗಿ ಅದೇ ಆಸ್ಪತ್ರೆಗೆ ಸೇರಿದ. ಎದೆಯಲ್ಲಿ ನೀರು. ವಾಚಮನ್ ಮೊದಲು ಅವನ ಚೀಲ ಮುಟ್ಟಿ ನೋಡಿ ಆಮೇಲೆ ಒಳಗೆ ಬಿಟ್ಟನಂತೆ! ಮೊದಲ ಮಾಳಿಗೆಯ ವಾರ್ಡಿನಲ್ಲಿ ಕಿಟಕಿಯ ಪಕ್ಕ ಹಾಸಿಗೆ. ನಾನು ಹೋದಾಗ ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದ.

‘‘ಕವಿಗಳಿಗಿ ಮಾತ ಕೊಟ್ಟೇನಿ ಬೇಬಿ. ಅವರಿಗೂ ವಯಸ್ಸಾತು. ನಾ ಸುಳ್ಳಾಗತೇನಿ.’’

ಸಿಸ್ಟರ್ ಬಂದು, ‘‘ಆಜೀ, ತಲೆಯ ಕಡೆ ಸ್ವಲ್ಪ ಎತ್ತರಿಸಿ, ಉಸಿರು ಸಿಗುತ್ತದೆ’’ ಎಂದು ಮರಾಠಿಯಲ್ಲಿ ಹೇಳಿ ಹೋದಳು. ಹಳೆಯ ಕಾಲದ ಮಂಚ. ಕಾಲ ಬಳಿ ಕಬ್ಬಿಣದ ಹಿಡಿಕೆ, ಅದನ್ನು ತಿರುಗಿಸಿದರೆ ತಲೆಯ ಭಾಗ ಏಳುತ್ತದೆ. ಎಣ್ಣೆ ಕಾಣದೆ ಎಷ್ಟು ವರ್ಷವಾಗಿತ್ತೋ. ನಾನು ಬಗ್ಗಿ ಎರಡೂ ಕೈಯಿಂದ ತಿರುಗಿಸತೊಡಗಿದೆ.

ಗರ್ರ್… ಗರ್ರ್… ನನ್ನ ಬಳೆ ಕಬ್ಬಿಣಕ್ಕೆ ತಾಗಿತು. ಟಕ್.

ಹೇಗೆಂದು ಕೇಳಬೇಡಿ. ಬಾಯಿ ನನ್ನದು, ದನಿ ನನ್ನದಲ್ಲ:

ಹೊಳಿದಂಡಿ ಹಾದ್ಯಾಗ ಯಾರವ್ವ ಹೊಂಟಾನ
ಹೆಗಲಾಗ ಚೀಲ, ಬರಿಗಾಲ, ಹಸದಾನ
ಬಿಸಿರೊಟ್ಟಿ ಬಡಿತೇನಿ ಕರೀರವ್ವ

ಹಿಡಿಕೆ ತಿರುಗಿಸುತ್ತಲೇ ಮತ್ತೆ ಹಾಡಿದೆ. ಮತ್ತೆ. ‘‘ಬೇಬಿ! ಸಾಕ ಮಾಡ! ಇನ್ನೊಂದ ಸಲ ಹಾಡಿದ್ರ ಫ್ಯಾನಿಗಿ ಹತ್ತತೇನಿ!’’ ತಲೆ ಎತ್ತಿ ನೋಡಿದರೆ ಮಾಮಾ ನೆಟ್ಟಗೆ, ಹೈಕೋರ್ಟ್ ಜಡ್ಜಿನಂತೆ ಕೂತಿದ್ದಾನೆ. ಕಣ್ಣಿಂದ ನೀರು ಇಳಿಯುತ್ತಿದೆ.

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಪ್ರಿಯಕರನೂ ಇಲ್ಲ, ಮರವೂ ಇಲ್ಲ. ಹಿತ್ತಿಲ ಬಾಗಿಲಿಂದ ಹೊಳೆಯ ಹಾದಿ ಹಿಡಿದು ದಿನಾ ಬರಿಗಾಲಲ್ಲಿ, ಹಸಿದುಕೊಂಡು ಹೋಗುತ್ತಿದ್ದವರು ಕವಿಗಳೇ. ಆಯಿಯ ತಲೆಯ ಮೇಲಿನ ಸೆರಗು ಎಂದೂ ಜಾರಿದ್ದಿಲ್ಲ. ತನ್ನ ಮಾವನವರು ಪಡಸಾಲೆಯಲ್ಲಿ ಕೂತಿರುವಾಗ ಪರ ಗಂಡಸನ್ನು ಕರೆದು ಉಂಡೆಯಾ ಎಂದು ಕೇಳುವುದುಂಟೇ? ಕಲ್ಲಿಗೆ ಹೇಳಿದಳು. ಅವರು ಕೇಳಿಸಿಕೊಂಡರು, ಅರ್ಥವಾಗಲಿಲ್ಲ. ಆ ಬರಿಗಾಲಿನವನಿಗೆ ಸಿನಿಮಾದಲ್ಲಿ ಮೊಣಕಾಲುದ್ದದ ಬೂಟು!

ಫೋನ್ ಹಚ್ಚಿದೆವು. ನಾನು ಹಾಡಿದೆ, ಮಾಮಾ ಮರಾಠಿಯಲ್ಲಿ ಅರ್ಥ ಹೇಳಿದ. ಆ ಕಡೆಯಿಂದ ಕವಿಗಳು, ‘‘ಹೋ. ಉಪಾಶೀಚ ಜಾಯಚೋ,’’ ಎಂದರು. ಹೌದು, ಹಸಿದೇ ಹೋಗುತ್ತಿದ್ದೆ. ಅಷ್ಟೇ.

ಮಂಚ ಇಳಿಸಲು ಹೋದರೆ ಮಾಮಾ ಬಿಡಲಿಲ್ಲ. ‘‘ಇರಲಿ, ಇಲ್ಲಿಂದ ರಸ್ತೆ ಕಾಣತೈತಿ.’’

ಮಧ್ಯಾಹ್ನ ಎರಡಾಗಿತ್ತು. ಸಾಂಗಲಿ ಬಸ್ ಹಿಡಿಯಲು ಹೊರಟೆ. ಹೆಗಲಲ್ಲಿ ಚೀಲ. ಬರಿಗಾಲಲ್ಲ, ಆರ್ಥೋಪೆಡಿಕ್ ಚಪ್ಪಲಿ. ರಸ್ತೆ ದಾಟುವಷ್ಟರಲ್ಲಿ ಮೇಲಿನಿಂದ ಒಂದು ಕೂಗು ಬಂತು. ಉಸಿರೇ ಇಲ್ಲದವನಿಗೆ ಆ ಗಂಟಲು ಎಲ್ಲಿತ್ತೋ! ರಿಕ್ಷಾದವರು, ಬಾಳೆಹಣ್ಣಿನವಳು, ಎಲ್ಲರೂ ಕತ್ತೆತ್ತಿ ನೋಡಿದರು.

‘‘ಏ ಬೇಬೀ! ಉಂಡಿಲ್ಲ ನೀ! ಉಂಡ ಹೋಗ!’’

ಕಿಟಕಿಯಲ್ಲಿ ಅವನು ನೆಟ್ಟಗೆ ಕೂತಿದ್ದ, ಹಿಂದೆ ಸಿಸ್ಟರ್ ಬೈಯುತ್ತಿದ್ದಳು. ನಾನು ಅವನನ್ನು ಕೊನೆಯ ಸಲ ನೋಡಿದ್ದು ಅದೇ. ನಾನು ಕೈ ಎತ್ತಿ, ‘‘ಉಣ್ತೇನಿ ಮಾಮಾ!’’ ಎಂದು ನಡುರಸ್ತೆಯಲ್ಲಿ ನಿಂತು ಕೂಗಿದೆ, ಕಾನ್ವೆಂಟಿನಲ್ಲಿ ಕಲಿಸಿದ್ದನ್ನೆಲ್ಲ ಮರೆತು.