ಲೆಕ್ಕಕ್ಕೆ ನಾಲ್ಕನೆಯವ

ಹೆಣ್ಣು ನೋಡಲು ಮೂವರು ಹೋಗಬಾರದು ಎಂಬ ಶಾಸ್ತ್ರವನ್ನು ಯಾರು ಮಾಡಿದರೋ ತಿಳಿಯದು. ಅವರ ಮನೆಯಲ್ಲಿ ಬಿ.ಎ. ಓದುವ ಹುಡುಗರಂತೂ ಇದ್ದಿರಲಾರರು. ಇದ್ದಿದ್ದರೆ ವಿಷ್ಣುವಿನ ಆ ಗುರುವಾರ ನೆಮ್ಮದಿಯಾಗಿ ಕಳೆಯುತ್ತಿತ್ತು.

ವಿಷ್ಣು ಶಿವಮೊಗ್ಗದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿದ್ದ. ಇಂಟರ್ನ್‌ಶಿಪ್ಪಿನ ಎರಡು ಕ್ರೆಡಿಟ್ ಬಂದರೆ ಡಿಗ್ರಿ, ಬಾರದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು. ಬ್ಯಾಂಕು, ಆಸ್ಪತ್ರೆ, ಪಂಚಾಯ್ತಿಗಳನ್ನೆಲ್ಲ ಗೆಳೆಯರು ಹಂಚಿಕೊಂಡ ಮೇಲೆ ಇವನ ಪಾಲಿಗೆ ಉಳಿದದ್ದು ವಿನೋಬನಗರದ ಗಣಪಯ್ಯನವರ ವಧೂವರರ ಕೇಂದ್ರ. ಮದುವೆಗಿಂತ ದೊಡ್ಡ ಸಾಮಾಜಿಕ ಸಂಸ್ಥೆ ಯಾವುದಿದೆ ಎಂದು ಶಾಮಲಾ ಮೇಡಂ ಕೂಡಲೇ ಒಪ್ಪಿದ್ದರು. ಆದರೆ ಅವರದೊಂದು ಕಟ್ಟಪ್ಪಣೆ ಇತ್ತು. ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಒಂದೇ ಒಂದು ಸುಳ್ಳಿದ್ದರೂ ಸೊನ್ನೆ.

ಮೇಡಂ ಹೇಳಿದಂತೆ ನಡೆಯುವವರೂ ಹೌದು. ಬಂಧುತ್ವದ ಪಾಠ ಮಾಡುವಾಗ ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ಸೊನ್ನೆ ಹಾಕಿ ತಮ್ಮದೇ ವಂಶವನ್ನು ಬೋರ್ಡಿನ ಮೇಲೆ ಬರೆದಿದ್ದರು. ಬೋರ್ಡಿನ ಮುಕ್ಕಾಲು ಭಾಗ ಖಾಲಿಯೇ ಉಳಿದಿತ್ತು. "ನಾನೂ ಒಬ್ಬಳೇ ಮಗಳು, ನಮ್ಮ ಯಜಮಾನ್ರೂ ಒಬ್ಬರೇ ಮಗ. ನನ್ನನ್ನ ಚಿಕ್ಕಮ್ಮ ಅಂತ ಕರೆಯೋ ಒಂದು ಪ್ರಾಣಿಯೂ ಈ ಭೂಮಿ ಮೇಲಿಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟದ್ದು ಇಡೀ ತರಗತಿಗೆ ನೆನಪಿತ್ತು.

ಆ ಗುರುವಾರ ಸಂಜೆ ನಾಲ್ಕು ಗಂಟೆಯೊಳಗೆ ವರದಿ ಒಪ್ಪಿಸಬೇಕಿತ್ತು. ಕೊನೆಯ ಅಧ್ಯಾಯವೊಂದು ಬಾಕಿ, ಪ್ರಮಾಣಪತ್ರಕ್ಕೆ ಗಣಪಯ್ಯನವರ ಸಹಿ ಬಾಕಿ. ಬೆಳಿಗ್ಗೆಯೇ ಕೇಂದ್ರಕ್ಕೆ ಹೋದರೆ ಅಲ್ಲಿ ವರ ಸತೀಶ, ಅವನ ತಂದೆ, ತಾಯಿ ನಂಜಮ್ಮ ಮೂವರೂ ಭದ್ರಾವತಿಗೆ ಹೊರಟು ನಿಂತು, ನಾಲ್ಕನೆಯವನಿಲ್ಲದೆ ಹೊಸಿಲು ದಾಟದೆ ಕೂತಿದ್ದರು. ಬರಬೇಕಿದ್ದ ಸೋದರಮಾವನಿಗೆ ಹಲ್ಲುನೋವು. ಗಣಪಯ್ಯನವರಿಗೆ ಕೇಂದ್ರ ಬಿಟ್ಟು ಬರಲಾಗದು. ಅವರ ಕಣ್ಣು ವಿಷ್ಣುವಿನ ಮೇಲೆ ಬಿತ್ತು.

"ಹೋಗಿ ಬಾ ಮಾರಾಯ. ಯಾರಾದ್ರೂ ಕೇಳಿದ್ರೆ ಹುಡುಗನ ದೊಡ್ಡಪ್ಪನ ಮಗ ಅನ್ನು. ಗೊತ್ತಿಲ್ಲದ್ದು ಕೇಳಿದ್ರೆ ಹಾಸ್ಟೆಲಲ್ಲಿ ಬೆಳೆದೋನು ಅನ್ನು. ಬಂದ ತಕ್ಷಣ ಸಹಿ ಹಾಕ್ತೀನಿ."

ಸಹಿಯ ಆಸೆಗೆ ವಿಷ್ಣು ಕಾರು ಹತ್ತಿದ. ದಾರಿಯುದ್ದಕ್ಕೂ ನಂಜಮ್ಮ ತಮ್ಮ ಆತಂಕ ತೋಡಿಕೊಂಡರು. ಹುಡುಗಿಗೆ ತಾಯಿಯಿಲ್ಲ. ತಾಯಿಯಿಲ್ಲದ ಮನೆಯಿಂದ ಹೆಣ್ಣು ತಂದರೆ ಮೊದಲ ಬಾಣಂತನ ಮಾಡುವವರು ಯಾರು? ಚಿಕ್ಕಮ್ಮ ಒಬ್ಬರಿದ್ದಾರೆ, ತಾಯಿಗಿಂತ ಹೆಚ್ಚು ಎಂದು ಗಣಪಯ್ಯ ಆಣೆಯಿಟ್ಟು ಹೇಳಿದ್ದರಿಂದಲೇ ಅವರು ಹೊರಟದ್ದು.

ಹುಡುಗಿಯ ತಂದೆ ಪುಟ್ಟಯ್ಯ ಕಾರ್ಖಾನೆಯಿಂದ ನಿವೃತ್ತರಾದವರು, ಮೆದು ಮನುಷ್ಯ. ಅವರ ಪಾಲಿನ ಮಾತನ್ನೆಲ್ಲ ಎದುರುಮನೆಯ ದುರ್ಗಮ್ಮನೇ ಆಡುತ್ತಿದ್ದರು. ವಿಷ್ಣು ಉಪ್ಪಿಟ್ಟಿನ ತಟ್ಟೆ ಹಿಡಿದದ್ದೇ ತಡ, ದುರ್ಗಮ್ಮ ಅವನನ್ನು ಹಿಡಿದರು. ಯಾವ ಊರು, ಮನೆದೇವರು ಯಾವುದು, ಅಜ್ಜಿಯ ಹೆಸರೇನು? ಮೂರಕ್ಕೂ ಅವನು ಹಾಸ್ಟೆಲಲ್ಲಿ ಬೆಳೆದವನು ಎಂದ. ಪಾಪ, ಹುಟ್ಟಿದ್ದೂ ಹಾಸ್ಟೆಲಿನಲ್ಲೇ ಇರಬೇಕು ಎಂದು ದುರ್ಗಮ್ಮ ಮರುಕಪಟ್ಟರು. ಸತೀಶ ಕಾಲಬೆರಳು ನೋಡಿಕೊಂಡು ಕೂತ.

ಆಗ ಒಳಗಿನಿಂದ ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬರು ಕಾಫಿಯ ತಟ್ಟೆ ಹಿಡಿದು ಬಂದರು. ಹುಡುಗಿಯ ಚಿಕ್ಕಮ್ಮ ಎಂದು ದುರ್ಗಮ್ಮ ಪರಿಚಯಿಸಿದರು. ವಿಷ್ಣು ತಲೆಯೆತ್ತಿದ. ಶಾಮಲಾ ಮೇಡಂ.

ಮೇಡಂ ಮನೆ ಭದ್ರಾವತಿಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಪುಟ್ಟಯ್ಯನವರ ಪಕ್ಕದಲ್ಲೇ ಎಂದು ಗೊತ್ತಿರಲಿಲ್ಲ. ಅತ್ತ ನಾಲ್ಕನೆಯವನನ್ನು ಹೊಂದಿಸಿದ ಗಣಪಯ್ಯ ಇತ್ತ ಚಿಕ್ಕಮ್ಮನನ್ನೂ ಹೊಂದಿಸಿದ್ದರು. ಮೇಡಂ ಕಾಫಿಯ ತಟ್ಟೆಯನ್ನು ಅವನ ಮುಂದೆ ಹಿಡಿದರು.

"ನೀವು ಹುಡುಗನಿಗೆ ಏನಾಗ್ಬೇಕು?" ಮೇಡಂ ಕೇಳಿದರು.

"ದೊಡ್ಡಪ್ಪನ ಮಗ. ನೀವು?"

"ಹುಡುಗೀಗೆ ಚಿಕ್ಕಮ್ಮ."

"ಸ್ವಂತ ಚಿಕ್ಕಮ್ಮನಾ?"

"ಸ್ವಂತ."

ಅಲ್ಲಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟರು. ನಂಜಮ್ಮ ಮಾತ್ರ ಮೇಡಂ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಬಾಣಂತನ ನೀವೇ ಮಾಡುತ್ತೀರಲ್ಲ ಎಂದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿ ಉಸಿರು ಬಿಗಿಹಿಡಿದಳು. ಸತೀಶನೂ ಈಗ ತಲೆಯೆತ್ತಿದ್ದ. ಇಬ್ಬರಿಗೂ ಒಬ್ಬರಿಗೊಬ್ಬರು ಹಿಡಿಸಿದ್ದರೆಂಬುದು ಕುರುಡರಿಗೂ ಕಾಣುವಂತಿತ್ತು. ಮೇಡಂ ಹುಡುಗಿಯ ಕಡೆಗೊಮ್ಮೆ ನೋಡಿ, ಮಾಡ್ತೀನಿ ಎಂದರು. ಸಂಬಂಧ ಅಲ್ಲೇ ಕುದುರಿತು.

ಮಧ್ಯಾಹ್ನ ಗಣಪಯ್ಯ ಸಂತೋಷದಿಂದ ಸಹಿ ಹಾಕಿ ಮೇಲೊಂದು ಮೊಹರನ್ನೂ ಒತ್ತಿದರು. ವಿಷ್ಣು ಅಲ್ಲೇ ಕೂತು ಕೊನೆಯ ಅಧ್ಯಾಯ ಬರೆದ. ಮೇಡಂಗೆ ಮುಜುಗರವಾಗದಿರಲೆಂದು ವಂಶವೃಕ್ಷದಲ್ಲಿ ಅವರನ್ನು ಹುಡುಗಿಯ ಸ್ವಂತ ಚಿಕ್ಕಮ್ಮನನ್ನಾಗಿಯೂ ತನ್ನನ್ನು ದೊಡ್ಡಪ್ಪನ ಮಗನನ್ನಾಗಿಯೂ ತೋರಿಸಿದ. ಗುರುಗಳ ಮಾನ ಕಾಪಾಡಿದವನಿಗೆ ಎರಡು ಕ್ರೆಡಿಟ್ ಏನು, ಕೈಲಾದರೆ ಮೂರು ಕೊಟ್ಟಾರು ಎಂದುಕೊಂಡ.

ಬೆಳಿಗ್ಗೆ ರಜೆ ಹಾಕಿದ್ದ ಮೇಡಂ ಆಗಲೇ ಹತ್ತಿ ಸೀರೆಯಲ್ಲಿ ಕಾಲೇಜಿಗೆ ಬಂದಿದ್ದರು. ವರದಿ ತಿರುವಿ, ಕೊನೆಯ ಪುಟದಲ್ಲಿ ನಿಂತು, ಕೆಂಪು ಪೆನ್ನು ತೆಗೆದರು.

"ಇಲ್ಲಿ ಎರಡು ಸುಳ್ಳಿದೆ, ವಿಷ್ಣು."

"ಅದರಲ್ಲಿ ಒಂದು ನಿಮ್ಮದು, ಮೇಡಂ."

"ಒಂದಿದ್ರೂ ಸೊನ್ನೆ ಅಂದಿದ್ನಲ್ಲ."

ಹಾಗಾದರೆ ನಿಜವನ್ನೇ ಬರೆದು ಕೊಡುತ್ತೇನೆ ಎಂದು ವಿಷ್ಣು ಅಂಗಲಾಚಿದ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಅವರ ದನಿ ಮೆತ್ತಗಾಯಿತು.

"ವರದಿ ಲೈಬ್ರರೀಲಿ ಇಡ್ತಾರಪ್ಪ. ಶಿವಮೊಗ್ಗ ಎಷ್ಟು ದೊಡ್ಡದು? ನಾಳೆ ನಂಜಮ್ಮನ ಕಿವಿಗೆ ಬಿದ್ರೆ ಆ ತಾಯಿಯಿಲ್ಲದ ಹುಡುಗಿ ಗತಿಯೇನು? ಬರಿ ಅಂತ ನಾನು ಹೇಳಲಾರೆ. ಬರೀತೀಯಾ, ನೀನೇ ಹೇಳು."

ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತವಳ ಮುಖ ವಿಷ್ಣುವಿಗೆ ನೆನಪಾಯಿತು. ಹಾಳು ಮುಖ, ಬೇಡದ ಹೊತ್ತಿನಲ್ಲೇ ನೆನಪಾಗಬೇಕೆ? ಅವನು ವರದಿಯನ್ನು ಬ್ಯಾಗಿಗೆ ಹಾಕಿಕೊಂಡ. ಮುಂದಿನ ವರ್ಷ ಬ್ಯಾಂಕನ್ನೇ ಹಿಡಿ ಎಂದು ಮೇಡಂ ಸಲಹೆ ಕೊಟ್ಟರು.

ಕಾರಿಡಾರಿಗೆ ಬರುವಷ್ಟರಲ್ಲಿ ಗಣಪಯ್ಯನವರ ಫೋನು ಬಂತು. ಬರುವ ಬುಧವಾರ ನಿಶ್ಚಿತಾರ್ಥವಂತೆ, ದೊಡ್ಡಪ್ಪನ ಮಗ ಎಲ್ಲಿ ಎಂದು ದುರ್ಗಮ್ಮ ಈಗಲೇ ಕೇಳುತ್ತಿದ್ದಾರಂತೆ, ಮದುವೆ ಮುಗಿಯುವವರೆಗೆ ಅವನು ತಪ್ಪಿಸುವಂತಿಲ್ಲವಂತೆ. ಇಂಟರ್ನ್‌ಶಿಪ್ ಮುಗಿದೇಹೋಯಿತಲ್ಲ ಎಂದು ಅವನು ಹೇಳುವ ಮೊದಲೇ ಫೋನು ಕಟ್ಟಾಯಿತು. ಮರುಗಳಿಗೆಯಲ್ಲಿ ಮೇಡಂ ಕೋಣೆಯೊಳಗೆ ಫೋನು ಹೊಡೆದುಕೊಂಡಿತು.

ಅವರು ಬಾಗಿಲಿಗೆ ಬಂದು ನಿಂತರು.

"ವಿಷ್ಣು, ಬುಧವಾರ ಬಂಧುತ್ವದ ಕ್ಲಾಸ್ ಇರಲ್ಲ ಅಂತ ಎಲ್ಲರಿಗೂ ಹೇಳ್ಬಿಡು."